ವಾಟಿ ತಾತನ ಹೊಸ ಕಾಲುಚೀಲ

ಪ್ರೀತಿಯ ಅಜ್ಜಿ,

ಕಾಲೇಜಿಗೆ ಒಪ್ಪಿಸಬೇಕಾದ ಹಳೆಯ ಕಥೆಗಳಿಗಾಗಿ ನಿನ್ನೂರಿಗೆ ಬಂದು ವಾರವಾದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಬರಿಗೈಯಲ್ಲಿ ಹೋದರೆ ನಾನು ಫೇಲ್. ನಿನ್ನೆ ದೋಣಿಹಬ್ಬ. ಮೀನಿಗೆ ಕಡಲಿಗಿಳಿಯುವ ಗಂಡಸರ ಕಾಲು ನೆನೆಯದ ಹಾಗೆ ಹೆಂಗಸರು ಅವರನ್ನು ಬೆನ್ನ ಮೇಲೆ ಹೊತ್ತು ದೋಣಿ ಹತ್ತಿಸುವುದನ್ನು ಹಬ್ಬದಲ್ಲಿ ಇನ್ನೂ ಬಿಟ್ಟಿಲ್ಲ. ಮೀನಂಗಡಿಯ ಬೆಲ್ಲಾ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅರ್ಧ ಇಂಗ್ಲಿಷಿನೋಳು, ಹಾಸ್ಟೆಲ್ ಗಂಜಿ ಕುಡಿದು ಬೆಳೆದೋಳು! ನಮ್ಮ ಮುದುಕ ವಾಟೀನ ದೋಣಿವರೆಗೆ ಹೊತ್ಕೊಂಡು ಹೋಗು ನೋಡೋಣ, ಆಮೇಲೆ ಕಥೆ ಕೇಳೋವಂತೆ" ಅಂದರು.

ಲಂಗ ಎತ್ತಿ ಕಟ್ಟಿ ಹೊತ್ತೇ ಬಿಟ್ಟೆ. ವಾಟಿ ತಾತ ಎರಡು ಟಗರಿನಷ್ಟು ಭಾರ. ಮಂಡಿಯವರೆಗೆ ನೀರು ಬಂದಾಗ ನಿಂತುಬಿಟ್ಟೆ. "ತಾತ, ಕಥೆ ಈಗ್ಲೇ ಹೇಳ್ತೀರೋ, ಇಲ್ಲೇ ಇಳಿಸ್ಲೋ?"

"ಅಯ್ಯೋ, ಬೇಡ ಕಣಮ್ಮ, ಹೊಸ ಕಾಲುಚೀಲ! ಹೇಳ್ತೀನಿ. ಐವತ್ತು ವರ್ಷದ ಹಿಂದೆ ಇದೇ ಹಬ್ಬದಲ್ಲಿ ನಿಮ್ಮಜ್ಜಿ ಎಲ್ಸ್ಪೆತ್ ಬೆನ್ನ ಮೇಲೆ ಕೂತು, ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೆ. ಉತ್ತರ ಕೊಡ್ಲೇ ಇಲ್ಲ, ನೀರಿಗೆ ಹಾಕ್ಬಿಟ್ಲು!"

ನಗು ತಡೆಯಲಾಗಲಿಲ್ಲ, ಅಜ್ಜಿ. ಕೈ ಸಡಿಲವಾಯಿತು. ತಾತ ಮತ್ತೆ ಅದೇ ನೀರಿಗೆ ಬಿದ್ದರು.

ನನ್ನ ಕೆಲಸ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ದಡದಿಂದ ಬೆಲ್ಲಾ ಅತ್ತೆ ಕೂಗಿದರು: "ಅನುಮಾನಾನೇ ಇಲ್ಲ, ಇವಳು ಎಲ್ಸ್ಪೆತ್ ಮೊಮ್ಮಗಳೇ! ಬಾರೇ, ಟೀ ಇಟ್ಟಿದೀನಿ, ಯಾವ ಕಥೆ ಬೇಕು ಹೇಳು!"

ನನಗೆ ಬರೀ ನೆಗಡಿ. ತಾತನಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸು. ಜೊತೆಗೆ ಆ ಉತ್ತರವನ್ನೂ ಕಳಿಸು, ಇನ್ನೂ ಕಾಯುತ್ತಿದ್ದಾರಂತೆ.

ಈ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ,
ನಿನ್ನ ಐಲ್ಸಾ