ಎರೆಗೆಂಪನ್ನು ಬರಿಬಾಯಲ್ಲಿ ಕುಡಿಯಬೇಡಿ

ಡೋಣಿದಂಡೆ
ಕಾವುಮಾಸದ ನಲವತ್ತೊಂದನೇ ದಿನ, 2231

ಈ ಹಗೇವಿನ ಮುಚ್ಚಳ ತೆಗೆದ ನನ್ನ ಮುಂದಿನವರೇ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಬೆಳೆದು ಹಳೆಯ ಹನ್ನೆರಡು ತಿಂಗಳುಗಳಲ್ಲಿ ಹಿಡಿಸದೆ ಹೋದಾಗ, ನಮ್ಮ ಹಿರಿಯರು ಒಂದೊಂದು ತಿಂಗಳಿಂದ ನಾಲ್ಕು ದಿನ ಕಿತ್ತು ಹದಿಮೂರನೆಯ ತಿಂಗಳು ಕಟ್ಟಿದರು. ಅದೇ ಕಾವುಮಾಸ. ನನ್ನ ಮಾತು ನಿಮಗೆ ಹಳೆಯದೆನಿಸಿದರೆ ಕ್ಷಮಿಸಿ. ನಾನು ಗುರುಬಸವ್ವ, ಕಟ್ಟೆಯ ಮೇಲೆ ಕಥೆ ಹೇಳುವವಳು; ಬರೆದು ರೂಢಿಯಿಲ್ಲ.

ನಿಮ್ಮ ಕೈಗೆ ಸಿಕ್ಕ ಸೀಸೆಯಲ್ಲಿರುವುದು ಎರೆಗೆಂಪು. ನಮ್ಮ ಎರೆಮಣ್ಣಿನ ಕರಿದ್ರಾಕ್ಷಿಯ ವೈನು. ದಪ್ಪ ಸಿಪ್ಪೆಯ ಸಮೇತ ಇಪ್ಪತ್ತೊಂದು ದಿನ ಹುಳಿಬರಿಸಿ, ಹಿಂದಿನವರು ಜೋಳ ತುಂಬುತ್ತಿದ್ದ ಈ ನೆಲಗುಂಡಿಯಲ್ಲೇ ತಂಪಿಗಿಡುತ್ತೇವೆ. ಬಣ್ಣ ಮಸಿ, ಒಗರು ಒರಟು. ಇದನ್ನು ನಾವು ಯಾರೂ ಬರಿಬಾಯಲ್ಲಿ ಕುಡಿಯುವುದಿಲ್ಲ. ಬೆಣ್ಣೆ ಸವರಿದ ಸಜ್ಜಿರೊಟ್ಟಿ, ಶೇಂಗಾ ಎಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಎಣ್ಣೆ ಕಲಸಿದ ಅಗಸಿ ಹಿಂಡಿ ಚಟ್ನಿ, ಕೊಬ್ಬು ತೇಲುವ ಕುರಿಮಾಂಸದ ಸಾರು: ಇವುಗಳಲ್ಲಿ ಒಂದು ತುತ್ತು ಮೊದಲು, ಗುಟುಕು ಆಮೇಲೆ. ಆಗ ಆ ಒಗರು ಎಣ್ಣೆಯನ್ನು ಕೊಚ್ಚಿ ನಾಲಗೆಯನ್ನು ಮತ್ತೊಂದು ತುತ್ತಿಗೆ ಅಣಿಮಾಡುತ್ತದೆ. ಪುಂಡಿಪಲ್ಲೆಯ ಜತೆ ಮಾತ್ರ ಬೇಡ. ಅದರ ಹುಳಿಯೂ ಇದರ ಒಗರೂ ಬಾಯೊಳಗೇ ಜಗಳಕ್ಕೆ ನಿಲ್ಲುತ್ತವೆ.

ಹೋದ ವರ್ಷ ನಾವೇ ತಪ್ಪು ಮಾಡಿದೆವು. ನಾಡಿನ ವೈನುಗಳೆಲ್ಲ ಒಂದೇ ಹದದಲ್ಲಿರಬೇಕೆಂದು ನೋಡುವ ರುಚಿಸಮಿತಿಯವರು, ಪರೀಕ್ಷೆಗೆ ಪಾನೀಯ ಮಾತ್ರ ಇಡತಕ್ಕದ್ದು ಎಂದು ಬರೆದಿದ್ದರು. ಬಂದವರ ಮಾತು ಮೀರಬಾರದೆಂದು ನಾವು ರೊಟ್ಟಿಬುಟ್ಟಿಯನ್ನು ಒಳಗೆ ಮುಚ್ಚಿಟ್ಟೆವು. ಪರೀಕ್ಷಕ ತ್ರಿಯಂಬಕರಾಯರು ಬರಿಬಾಯಲ್ಲಿ ಕುಡಿದರು, ಮುಖ ಕಿವುಚಿದರು. ಒಗರು ಮಿತಿ ಮೀರಿದೆ, ಬಳ್ಳಿಗಳನ್ನು ಕೀಳಬೇಕು ಎಂದು ಆಜ್ಞೆ ಬಂತು.

ನಾವು ತಕರಾರು ಸಲ್ಲಿಸಿದೆವು. ನಿನ್ನೆ ಮರುಪರೀಕ್ಷೆಗೆ ಅವರೇ ಬಂದರು. ಈ ಸಲ ನನ್ನ ಅತ್ತೆ ಕಾಶಿಬಾಯಿ ಸೀಸೆಯನ್ನು ಸೆರಗಿನಡಿ ಹಿಡಿದು ಬಾಗಿಲಿಗೇ ಅಡ್ಡ ನಿಂತಳು. "ಸಾಹೇಬ್ರ, ಮೊದಲ ಉಣ್ಣಾಕ ಕುಂಡ್ರಿ. ಬರಿಬಾಯಾಗ ಇದನ್ನ ಕುಡಿದ್ರ ನನ್ನ ಕೈಲೆ ಬೈಸ್ಕೊಂಡಂಗ ಆಗ್ತೈತಿ."

"ನಿಯಮದೊಳಗ ಊಟ ಇಲ್ರೀ, ಅವ್ವಾ."

"ನಿಯಮಕ್ಕ ಹಸಿವಿಲ್ಲ. ನಿಮಗೈತಿ. ಹೊಟ್ಟಿ ಗುರ್ ಅನ್ನೂದು ಇಲ್ಲೀಮಟ ಕೇಳ್ತೈತಿ."

ಅವರು ಕುಂತರು. ಎಣ್ಣೆಗಾಯಿ ಉಂಡು ಒಂದು ಗುಟುಕು ಕುಡಿದರು, ಇನ್ನೊಂದು ರೊಟ್ಟಿ ಕೇಳಿದರು. ಮೂರನೆಯದನ್ನು ಕೇಳದೆ ಬುಟ್ಟಿಯಿಂದಲೇ ತೆಗೆದುಕೊಂಡರು. ಆಮೇಲೆ ಕಾಗದ ಬಿಚ್ಚಿ, ಊಟದ ಮಾತು ಬರೆಯಲು ಜಾಗವನ್ನೇ ಹುಡುಕಿ, ಸಿಗದೆ, ಮತ್ತೆ ಅನುತ್ತೀರ್ಣ ಎಂದೇ ಬರೆದರು. ಹೊರಡುವಾಗ ಅತ್ತೆ ದಾರಿಬುತ್ತಿ ಕಟ್ಟಿದಳು. ರೊಟ್ಟಿಯ ನಡುವೆ ಕರಿದ್ರಾಕ್ಷಿ ಬಳ್ಳಿಯ ನೆಡುವ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ತ್ರಿಯಂಬಕರಾಯರು ಅದನ್ನು ಕಂಡರು. ಗಂಟನ್ನು ತಾವೇ ಇನ್ನಷ್ಟು ಬಿಗಿದರು.

ನಾಳೆ ಬಳ್ಳಿ ಕೀಳುವ ಯಂತ್ರಗಳು ಬರುತ್ತವೆ. ಊರೆಲ್ಲ ಬಳ್ಳಿಸಾಲುಗಳ ನಡುವೆ ಪಂಕ್ತಿ ಕೂತು ಉಣ್ಣಲಿದ್ದೇವೆ. ಏಳೆಂದರೆ ಏಳುವುದಿಲ್ಲ, ಇನ್ನೂ ಉಂಡಾಗಿಲ್ಲ ಎನ್ನುತ್ತೇವೆ. ಯಂತ್ರ ಗೆದ್ದರೂ ಗೆಲ್ಲಲಿ: ಈ ವಾರ ನಮ್ಮೂರಿನಿಂದ ಹೊರಟ ಬುತ್ತಿಗಂಟು ಒಂದರಲ್ಲೂ ಬರೀ ರೊಟ್ಟಿ ಇರಲಿಲ್ಲ.

ಹೊರಗೆ ಕರಿಬಳ್ಳಿ ಕಂಡರೆ ನಮ್ಮನ್ನು ನೆನೆಯಿರಿ. ಕಾಣದಿದ್ದರೆ, ಬುತ್ತಿ ಒಯ್ದವರ ಹಿತ್ತಿಲುಗಳಲ್ಲಿ ಹುಡುಕಿ, ತ್ರಿಯಂಬಕರಾಯರದರಿಂದ ಶುರುಮಾಡಿ. ಸೀಸೆಯ ಬಿರಡೆಗೆ ಮಾತ್ರ ಇನ್ನೂ ಕೈಹಾಕಬೇಡಿ. ಒಲೆ ಹಚ್ಚಿ, ರೊಟ್ಟಿ ಬಡಿಯಿರಿ, ಪಕ್ಕದ ಮನೆಯವರನ್ನೂ ಕರೆಯಿರಿ.

ಮೊದಲು ಉಣ್ಣಿ.