ಗೇರೆಣ್ಣೆ ಕುಡಿದ ಬಿಲ್ಲು

ಫೆಬ್ರವರಿ 11, ಬುಧವಾರ. ಬಂಟ್ವಾಳ

ಬೈನೆ ಮರದ ಬಿಲ್ಲಿನ ಬೆನ್ನಿಗೆ ನಿನ್ನೆ ಅಂಟಿಸಿದ್ದ ಬಿದಿರಿನ ಪಟ್ಟಿ ಬೆಳಿಗ್ಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ಮೊದಲು ಅಂಟಿಗೇ ಬೈದೆ. ಮೂಸಿ ನೋಡಿದರೆ, ಮರಕ್ಕೆ ಹುಳ ಹಿಡಿಯದ ಹಾಗೆ ಹಚ್ಚುವ ಗೇರೆಣ್ಣೆಯ ವಾಸನೆ!

"ಅಂಟಿಸುವ ಮೊದಲು ನಾನೇ ಹಚ್ಚಿದ್ದು. ಹೊಸ ಮರಕ್ಕೆ ಎಣ್ಣೆ ಕುಡಿಸದೆ ಬಿಡುವುದುಂಟಾ ಮಾರಾಯ್ತಿ?" ಅಂದರು ಅಪ್ಪ. ಎಣ್ಣೆಯ ಮೇಲೆ ಅಂಟು ಹಿಡಿಯುತ್ತದಾ? ಭಾನುವಾರ ಮೂಡುಬಿದಿರೆಯಲ್ಲಿ ನಾಟಿ ಬಿಲ್ಲಿನ ಸ್ಪರ್ಧೆ. ಸಿಟ್ಟಿನಲ್ಲಿ ಬಿಲ್ಲನ್ನು ಅಲ್ಲೇ ಬಿಟ್ಟು ಹೊರಟೆ.

ಸಂಜೆ ಬಂದು ನೋಡಿದರೆ ಅಪ್ಪ ಜಗಲಿಯಲ್ಲಿ ಕೂತು, ಗಾಜಿನ ಚೂರಿನಿಂದ ಎಣ್ಣೆ ಹಿಡಿದದ್ದನ್ನೆಲ್ಲ ಹೆರೆದು ಮುಗಿಸಿದ್ದಾರೆ. ಇಬ್ಬರೂ ಸೇರಿ ಮತ್ತೆ ಅಂಟಿಸಿದೆವು. ಸೈಕಲ್ ಟ್ಯೂಬನ್ನು ಅವರೇ ಬಿಗಿಯಾಗಿ ಸುತ್ತಿದರು. ಅಂಚಿನುದ್ದಕ್ಕೂ ಅಂಟು ಒಂದೇ ಸಮ ಒಸರಿತು. ಈ ಸಲ ಹಿಡಿಯುತ್ತದೆ.

ಮಲಗುವ ಮೊದಲು ಎಣ್ಣೆ ಬಾಟ್ಲಿ ಅಡಗಿಸಿಡುವ ಅಂತ ಹುಡುಕಿದೆ. ಅಪ್ಪನೇ ಏಣಿ ಇಟ್ಟು ಅಟ್ಟಕ್ಕೆ ಹಾಕಿದ್ದಾರಂತೆ. ಏಣಿಯನ್ನೂ ಪಕ್ಕದ ಮನೆಗೆ ಕೊಟ್ಟು ಬಂದಿದ್ದಾರೆ.