ಪೆನ್ನು ನಿಲ್ಲಿಸದೆ ಬರೆದದ್ದು

ದಾವಣಗೆರೆ, ಆಗಸ್ಟ್ ೧೯, ಮಂಗಳವಾರ

ಆ ಹಾಳೆ ನನ್ನ ಕೈಬಿಟ್ಟು ಹೋದದ್ದಾದರೂ ಹೇಗೆ? ಸಂಜೆ ಬ್ಯಾಗು ತೆಗೆದಾಗಲೇ ಗೊತ್ತಾದದ್ದು.

ಬೆಳಿಗ್ಗೆ ಕ್ಲಾಸಿನಲ್ಲಿ ಅತಿವಾಸ್ತವವಾದದ, ಅಂದರೆ ಸರ್ರಿಯಲಿಸಂನ, ಹಳೆಯ ಕಿರುಚಿತ್ರವೊಂದನ್ನು ತೋರಿಸಿದೆ. "ಕಥೆನೇ ಇಲ್ಲಲ್ರಿ ಮೇಡಂ," ಎಂದ ಕೊಟ್ರೇಶ್. ಇದರ ಬೇರು ಕವಿಗಳಲ್ಲಿ, ಚಿತ್ರಕಾರರಲ್ಲಿದೆ ಎಂದು ವಿವರಿಸಿದೆ. ಮೊದಲ ಮಹಾಯುದ್ಧ ಕಂಡ ಅವರು ಬುದ್ಧಿಗಿಂತ ಕನಸನ್ನು ನಂಬಿದರು, ಯೋಚಿಸದೆ ಕೈ ಹೋದಂತೆ ಬರೆದರು ಎಂದೆ. ನೀವೂ ಐದು ನಿಮಿಷ ಪೆನ್ನು ನಿಲ್ಲಿಸದೆ ಬರೆಯಿರಿ ಎಂದು ಹೇಳಿ, ಜೊತೆಗೆ ನಾನೂ ಬರೆದೆ.

ಬೆಲ್ ಆದಾಗ ವಿದ್ಯಾರ್ಥಿನಿ ಶಾಹಿಸ್ತಾ ಎಲ್ಲ ಹಾಳೆ ಒಟ್ಟುಮಾಡಿ, ಗೋಡೆಪತ್ರಿಕೆಗೆ ಆರಿಸಲು ಹರಿಹರದ ತನ್ನ ಮನೆಗೆ ಒಯ್ದಳು. ನನ್ನದೂ ಅದರಲ್ಲಿತ್ತು.

ನನ್ನ ತಮ್ಮ ಹೊಳೆಯಲ್ಲಿ ಕಾಲು ಜಾರಿ ಸತ್ತನೆಂದೇ ಎಲ್ಲರೂ ತಿಳಿದಿದ್ದಾರೆ. ಹೆದರಿಕೆಯಲ್ಲಿ ನಾನೇ ಅವನ ಕೈ ಬಿಟ್ಟೆ ಎಂದು ಆ ಹಾಳೆಯಲ್ಲಿ ಬರೆದಿದ್ದೇನೆ. ಆಗ ನನಗೆ ಹನ್ನೊಂದು ವರ್ಷ. ಅವ್ವನಿಗೂ ಇವತ್ತಿನವರೆಗೆ ಹೇಳಿಲ್ಲ.

ಎಂಟು ಗಂಟೆಗೆ ಶಾಹಿಸ್ತಾಳೇ ಫೋನ್ ಮಾಡಿದಳು.

"ಮೇಡಂ, ನಿಮ್ಮ ಹಾಳೆ ನನ್ನತ್ರ ಐತ್ರಿ. ಓದಿಬಿಟ್ಟೆ. ಇದು ಕನಸೇನ್ರಿ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಅಲ್ಲಮ್ಮ, ನಿಜ."

ಅವಳು ಹಾಳೆ ಮಡಚಿದ ಸದ್ದು ಕೇಳಿಸಿತು. "ಯಾರಿಗೂ ತೋರ್ಸಲ್ರಿ. ನಾಳೆ ನಿಮ್ಮ ಕೈಗೇ ಕೊಡ್ತೀನಿ. ಊಟ ಮಾಡಿದ್ರಾ ಮೇಡಂ?"

ಹುಡುಗಿಯ ಮೇಲೆ ನಂಬಿಕೆಯಿದೆ. ಆದರೂ ಭಯ ಇನ್ನೂ ಹೆಚ್ಚಾಗಿದೆ. ಒಮ್ಮೆ ಬಾಯಿಂದ ಬಂದದ್ದು ಇನ್ನು ಒಳಗೆ ನಿಲ್ಲುವಂತೆ ಕಾಣುವುದಿಲ್ಲ. ಅವ್ವ ಪಕ್ಕದ ಕೋಣೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದಾಳೆ. ಈಗಲೇ ಹೋಗಿ ಹೇಳಬೇಕು. ಅವ್ವಾ ಎಂದು ಕರೆದರೆ ತಲೆಯೆತ್ತಿ ನೋಡುತ್ತಾಳೆ. ಆಮೇಲಿನ ಮಾತು ಬರೆಯಲಾರೆ, ಪೆನ್ನು ಇಟ್ಟು ಏಳುತ್ತಿದ್ದೇನೆ.